ಜ್ವರ ಬಿಟ್ಟ ದಿನ ಬನ್ನಿ

ನಾನು ನಿಂತಿದ್ದದ್ದು ಡಾಕ್ಟರ ಮೇಜಿನ ಎಡಕ್ಕೆ, ತೂಕ ನೋಡುವ ಯಂತ್ರಕ್ಕೂ ಕಿಟಕಿಗೂ ನಡುವೆ. ಅದು ಅಜ್ಜಂಪುರದ ಸ್ಟೇಷನ್ ಕಡೆಯ ರಸ್ತೆಯಲ್ಲಿ ಡಾ. ಕಮಲಾಕ್ಷಿಯವರು ನಡೆಸುತ್ತಿದ್ದ ಕ್ಲಿನಿಕ್ಕು. ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಹಿಂದಿನ ದಿನದ ಜಡಿಮಳೆ ನಿಂತು ಕಿಟಕಿಯಲ್ಲಿ ಬಿಸಿಲು ಬಂದಿತ್ತು. ನನ್ನ ತಂಗಿ ಸುಜಾತ ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳವನ್ನು ಒಂದೇ ತಿರುವಿಗೆ ತೆಗೆದು ನಕ್ಕಳು. ಅವಳ ಗಂಡ ನಕ್ಕ, ಅತ್ತೆ ನಕ್ಕರು, ನಾನೂ ನಕ್ಕೆ. ಡಾಕ್ಟರು ನಗಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು ಕುರ್ಚಿಯಿಂದ ಎದ್ದರು.

ನಾನು ಸರ್ವೆ ಇಲಾಖೆಯ ಭೂಮಾಪಕ. ನಮ್ಮ ಕೆಲಸದಲ್ಲಿ ಎಲ್ಲಿ ನಿಂತು ನೋಡಿದೆ, ಏನು ಕಂಡಿತು, ಯಾವುದು ಕಾಣಲಿಲ್ಲ ಎಂದು ಬೇರೆ ಬೇರೆಯಾಗಿ ಹೇಳಬೇಕು. ಆ ಬೆಳಗಿನ ಬಗ್ಗೆಯೂ ಹಾಗೆಯೇ ಹೇಳಲು ನೋಡುತ್ತೇನೆ. ವರ್ಷಗಳು ಕಳೆದಿವೆ, ಆದರೂ ಅವರು ಎದ್ದು ನಿಂತದ್ದು ಇನ್ನೂ ಕಣ್ಣ ಮುಂದಿದೆ.

ಕಮಲಾಕ್ಷಿಯವರು ಕಡೂರಿನವರು. ತರೀಕೆರೆ ಕಡೆ ಸರ್ಕಾರಿ ನೌಕರಿ ಮುಗಿಸಿ, ನಿವೃತ್ತಿಯಾದ ಮೇಲೆ ಅಜ್ಜಂಪುರದಲ್ಲಿ ಬಾಡಿಗೆ ಕಟ್ಟಡ ಹಿಡಿದು ಕೂತರು. ಕುಳ್ಳಗೆ, ಅಗಲ ಭುಜದ ಹೆಂಗಸು. ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಗಡಿಯಾರವನ್ನು ಮಣಿಕಟ್ಟಿನ ಒಳಮೈಗೆ ಕಟ್ಟುತ್ತಿದ್ದರು. ನಾಡಿ ಹಿಡಿದಾಗ ರೋಗಿಯ ಕೈಯೂ ಗಡಿಯಾರವೂ ಒಟ್ಟಿಗೆ ಕಣ್ಣಿಗೆ ಬೀಳಬೇಕಲ್ಲ. ಅವರ ಕುರ್ಚಿ ಬಾಗಿಲಿಗೆ ನೇರವಾಗಿತ್ತು. ಬಂದವರು ಬೀದಿಯಿಂದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಒಳಗೆ ಬಂದು ಕೂರುವವರೆಗೂ ಅವರನ್ನು ನೋಡುತ್ತಲೇ ಇರುತ್ತಿದ್ದರು. ಮಾತಾಡುತ್ತಿರಲಿಲ್ಲ. ಮೊದಮೊದಲು ಜನಕ್ಕೆ ಇದು ಮುಜುಗರವಾಗಿತ್ತು. ಬಿಡುವಾದಾಗ ಅಲ್ಲಿ ಹೋಗಿ ಕೂರುತ್ತಿದ್ದ ನಾನು ಒಮ್ಮೆ ಕೇಳಿದ್ದಕ್ಕೆ, “ಬಂದು ಕೂತ ಮೇಲೆ ಎಲ್ರೂ ಮೈಕೈ ನೋವು ಅಂತಾರೆ ಕಣಯ್ಯ. ಎಲ್ಲಿ ನೋವು ಅಂತ ಚಪ್ಪಲಿ ಬಿಡೋವಾಗ ಗೊತ್ತಾಗ್ತದೆ,” ಎಂದಿದ್ದರು.

ಡಬ್ಬಿ ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ತಿರುಗಿಸಿ ಮುಚ್ಚುವ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಪೆಪ್ಪರಮೆಂಟು. ಜ್ವರ ಎಂದು ಬಂದವರು ಯಾರೇ ಇರಲಿ, ಮಕ್ಕಳಿರಲಿ ಮುದುಕರಿರಲಿ, ಡಬ್ಬಿಯನ್ನು ಅವರ ಮುಂದೆ ಸರಿಸಿ, ತೆಗೆದು ಒಂದು ತಗೊಳ್ಳಿ ಎನ್ನುತ್ತಿದ್ದರು. ಅದಕ್ಕೇ ಊರಿನಲ್ಲಿ ಅವರಿಗೆ ಡಬ್ಬಿ ಡಾಕ್ಟ್ರಮ್ಮ ಎಂದು ಹೆಸರು. ಪೆಪ್ಪರಮೆಂಟು ಉಪಚಾರಕ್ಕೆ ಎಂದು ಬಹಳ ಜನ ತಿಳಿದಿದ್ದರು. ಅವರು ನೋಡುತ್ತಿದ್ದದ್ದು ಬೆರಳುಗಳನ್ನು. ಚಿಕುನ್‌ಗುನ್ಯ ಹಿಡಿದವರಿಗೆ ಆ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಬೆರಳಿನ ಗಿಣ್ಣು ಊದಿ, ಮಣಿಕಟ್ಟು ಹಿಡಿದುಕೊಂಡು, ಹಿಡಿದ ತಕ್ಷಣ ಹಾ ಎಂದು ಕೈಬಿಡುತ್ತಿದ್ದರು. ಡೆಂಗಿಯವರು ಕಣ್ಣಿನ ಹಿಂದೆ ನೋವು, ಸೊಂಟ ಮುರಿದ ಹಾಗೆ ನೋವು ಎಂದು ನರಳುತ್ತಲೇ ಮುಚ್ಚಳವನ್ನು ತೆಗೆದುಬಿಡುತ್ತಿದ್ದರು.

ಇದರಿಂದಲೇ ಅವರು ತೀರ್ಮಾನ ಮಾಡುತ್ತಿದ್ದರು ಎಂದು ಯಾರಾದರೂ ತಿಳಿದರೆ ತಪ್ಪು. ಎರಡನ್ನೂ ತರುವುದು ಒಂದೇ ಸೊಳ್ಳೆ, ಹಗಲು ಕಚ್ಚುವ ಪಟ್ಟೆ ಕಾಲಿನ ಸೊಳ್ಳೆ. ಒಬ್ಬರಿಗೇ ಎರಡೂ ಒಟ್ಟಿಗೆ ಬರಬಹುದು ಎಂದು ಅವರೇ ಹೇಳುತ್ತಿದ್ದರು. ಡಬ್ಬಿಯ ನಂತರ ಕಣ್ಣು, ನಾಲಿಗೆ, ಹೊಟ್ಟೆ ನೋಡುವರು. ಬಿ.ಪಿ. ಪಟ್ಟಿಯನ್ನು ತೋಳಿಗೆ ಸುತ್ತಿ, ಗಾಳಿ ತುಂಬಿ, ಹಾಗೆಯೇ ಕೆಲವು ನಿಮಿಷ ಬಿಡುವರು. ರೋಗಿ ಕೈ ಜೋಮು ಹಿಡಿಯಿತೆಂದು ಗೊಣಗದಂತೆ ಅಷ್ಟು ಹೊತ್ತೂ ಅವನ ಊರಿನ ಸುದ್ದಿ ಕೇಳುವರು. ಆಮೇಲೆ ಪಟ್ಟಿ ಬಿಚ್ಚಿ, ಮೊಣಕೈಯ ಕೆಳಗೆ ಪೆನ್ನಿನಿಂದ ಸಣ್ಣ ಚೌಕ ಬರೆದು, ಅದರೊಳಗೆ ಎದ್ದ ಕೆಂಪು ಚುಕ್ಕೆಗಳನ್ನು ನೋಡುವರು. ಆ ಚುಕ್ಕೆ ಹೆಚ್ಚಿದ್ದರೆ ಡೆಂಗಿಯ ಅನುಮಾನ. ನಾನು ಒಮ್ಮೆ ಬಗ್ಗಿ ನೋಡುತ್ತಿದ್ದಾಗ, “ಏನ್ ಸರ್ವೇಯರೇ, ಹದ್ದುಬಸ್ತು ಸರಿ ಇದ್ಯಾ?” ಎಂದು ಕೇಳಿದ್ದರು. ಕೊನೆಗೆ ರಕ್ತ ಪರೀಕ್ಷೆಗೆ ಕಳಿಸುತ್ತಿದ್ದರು. ಜ್ವರ ಬಂದ ಆರಂಭಕ್ಕೆ ಒಂದು ಪರೀಕ್ಷೆ, ವಾರ ಕಳೆದರೆ ಇನ್ನೊಂದು. ಬೇಗ ಮಾಡಿದರೂ ತಪ್ಪು ಹೇಳಬಹುದು, ತಡವಾದರೂ ತಪ್ಪು ಹೇಳಬಹುದು ಎನ್ನುವರು. ಕಾಗದ ಕೈಗೆ ಬರುವವರೆಗೂ ರೋಗದ ಹೆಸರು ಅವರ ಬಾಯಿಂದ ಬರುತ್ತಿರಲಿಲ್ಲ.

ಮೂರನೆಯದೊಂದು ಜ್ವರದ ಬಗ್ಗೆಯೂ ಅವರಿಗೆ ಎಚ್ಚರವಿತ್ತು. ತರೀಕೆರೆಯಿಂದ ಒಬ್ಬ ಬಸುರಿ ಬಂದಿದ್ದಳು. ಮೈ ಸ್ವಲ್ಪ ಬೆಚ್ಚಗೆ, ಕೆಂಪು ಗಂಧೆ, ಕಣ್ಣು ಕೆಂಪು. ಅಂಥ ಸುಸ್ತೂ ಇಲ್ಲ. ಬೇರೆ ಯಾರಾದರೂ ಅಲರ್ಜಿ ಎಂದು ಕಳಿಸುತ್ತಿದ್ದರೇನೋ. ಇವರು ಜಿಕಾ ಇರಬಹುದೆಂದು ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು. ಅದು ತಾಯಿಯನ್ನು ಹೆಚ್ಚು ಕಾಡದೆ ಹೊಟ್ಟೆಯ ಕೂಸನ್ನು ಹಿಡಿಯುವ ಜ್ವರವಂತೆ. ವರದಿ ಬರುವವರೆಗೂ ಅವರು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ ಎಂದು ನರ್ಸ್ ಪಾರ್ವತಿ ಹೇಳುತ್ತಾಳೆ. ಅದಲ್ಲ ಎಂದು ವರದಿ ಬಂದ ದಿನ ಕ್ಲಿನಿಕ್ಕಿಗೆ ಬಂದವರಿಗೆಲ್ಲ ಕಾಫಿ ತರಿಸಿದರಂತೆ. ಇದನ್ನು ನಾನು ನೋಡಿಲ್ಲ, ಕೇಳಿದ್ದು.

ಅವರ ಮೇಲೆ ಜನಕ್ಕೆ ಎರಡು ಸಿಟ್ಟುಗಳಿದ್ದವು. ಒಂದು, ಸೂಜಿ ಹಾಕುವುದಿಲ್ಲ ಎಂಬುದು. ನಮ್ಮ ಕಡೆ ಮೈಕೈ ನೋವಿನ ಜ್ವರ ಬಂದರೆ ಒಂದು ನೋವಿನ ಇಂಜೆಕ್ಷನ್ ಬೀಳಲೇಬೇಕು. ಬೀಳದಿದ್ದರೆ ವೈದ್ಯವೇ ಆಗಲಿಲ್ಲ ಎಂದು ಲೆಕ್ಕ. ಪಂಚನಹಳ್ಳಿಯಿಂದ ಬೈಕಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಬಂದಿದ್ದ ಒಬ್ಬ ತೆಂಗಿನ ವ್ಯಾಪಾರಿ ನನ್ನ ಎದುರಿಗೇ ಜಗಳ ತೆಗೆದ.

“ಅಲ್ಲ ಡಾಕ್ಟ್ರಮ್ಮ, ಅಷ್ಟು ದೂರದಿಂದ ಬಂದೀವಿ. ಒಂದು ಸೂಜಿ ಚುಚ್ಚಿದ್ರೆ ನಿಮ್ಮ ಗಂಟೇನು ಹೋಯ್ತದೆ?”

“ನನ್ನ ಗಂಟು ಹೋಗಲ್ಲ ಕಣಪ್ಪ. ಡೆಂಗಿ ಆಗಿದ್ರೆ ಆ ಸೂಜಿಗೆ ಒಳಗೆ ರಕ್ತ ಒಸರ್ತದೆ. ಅಲ್ಲ ಅಂತ ಗೊತ್ತಾಗಲಿ, ನಾನೇ ಕರೆದು ಹಾಕ್ತೀನಿ. ಅಲ್ಲೀಗಂಟ ಪ್ಯಾರಾಸಿಟಮಾಲು, ನೀರು, ಗಂಜಿ.”

“ಗಂಜಿ ಕುಡಿಯಾಕೆ ಇಲ್ಲೀಗಂಟ ಬರ್ಬೇಕಿತ್ತಾ?”

“ಬಂದಿದ್ದು ಒಳ್ಳೇದಾಯ್ತು. ನಿನ್ನ ಬುದ್ಧಿ ಗೊತ್ತಾಯ್ತು. ನಿಮ್ಮವ್ವನ ಜವಾಬ್ದಾರಿ ನಿನ್ನ ಹೆಂಡ್ತಿಗೆ ಹೇಳ್ತೀನಿ, ಅವಳ ಫೋನ್ ನಂಬರ್ ಕೊಡು.”

ತಾಯಿ ನಕ್ಕುಬಿಟ್ಟಳು. ಅವನು ನಂಬರ್ ಕೊಟ್ಟ.

ಎರಡನೆಯ ಸಿಟ್ಟು ಇನ್ನೂ ವಿಚಿತ್ರವಾದದ್ದು. ಔಷಧಿ ಬರೆದುಕೊಟ್ಟು ಬಾಗಿಲವರೆಗೆ ಬಂದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: “ಜ್ವರ ಬಿಟ್ಟ ದಿನ ಬನ್ನಿ.” ಜ್ವರ ಬಿಡದಿದ್ದರೆ ಬನ್ನಿ ಎನ್ನುವ ಡಾಕ್ಟರನ್ನು ಜನ ನೋಡಿದ್ದಾರೆ. ಬಿಟ್ಟ ಮೇಲೆ ಯಾರು ಬರುತ್ತಾರೆ? ನಮ್ಮ ಮನೆಗಳಲ್ಲಿ ಜ್ವರ ಬಿಟ್ಟಿತು ಎಂದರೆ ಹಂಡೆಗೆ ನೀರು ತುಂಬಿ, ಬೇವಿನ ಸೊಪ್ಪು ಹಾಕಿ ಕಾಸಿ, ತಲೆಗೆ ಎರೆಯುತ್ತಾರೆ. ತಲೆಗೆ ನೀರು ಬಿದ್ದರೆ ಕಾಯಿಲೆ ಮುಗಿಯಿತು. ಹಾಸಿಗೆ ಸುತ್ತಿ ಬಿಸಿಲಿಗೆ ಹಾಕಿದ ಮೇಲೆ ಆ ಮನುಷ್ಯನನ್ನು ಯಾರೂ ರೋಗಿ ಎನ್ನುವುದಿಲ್ಲ, ಅವನೂ ಅಂದುಕೊಳ್ಳುವುದಿಲ್ಲ. ಇನ್ನೊಂದು ಸಲ ಫೀಸು ಕೀಳುವ ದಾರಿ ಎಂದು ಕೆಲವರು ಆಡಿಕೊಂಡರು. ಎರಡನೆಯ ಸಲ ಬಂದವರಿಂದ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಬರುವವರು ಕಡಿಮೆ.

ಸುಜಾತಳನ್ನು ಕೊಟ್ಟದ್ದು ಬುಕ್ಕಾಂಬುಧಿಗೆ. ಗಂಡ ಲೋಕೇಶ ಗೂಡ್ಸ್ ಆಟೋ ಓಡಿಸುತ್ತಾನೆ. ಅತ್ತೆ ಪುಟ್ಟಮ್ಮ ಖಾರದ ಬಾಯಿಯ, ಮೆದು ಮನಸ್ಸಿನ ಹೆಂಗಸು. ಸೊಸೆಯನ್ನು ಬೈಯದೆ ಒಂದು ಲೋಟ ಕಾಫಿ ಕೊಟ್ಟವರಲ್ಲ, ಕೊಡದೆ ಒಂದು ದಿನ ಇದ್ದವರೂ ಅಲ್ಲ. ಆ ಮಳೆಗಾಲ ಊರಿನಲ್ಲಿ ಮನೆಗೊಬ್ಬರಂತೆ ಚಿಕುನ್‌ಗುನ್ಯ ಬಿದ್ದಿತ್ತು. ಬೆಳಿಗ್ಗೆ ಬೀದಿಯಲ್ಲಿ ನಿಂತರೆ ಗಟ್ಟಿಮುಟ್ಟಾದ ಗಂಡಸರೂ ಗೋಡೆ ಹಿಡಿದು ಇಳಿಯುವುದು ಕಾಣುತ್ತಿತ್ತು. ಪುಟ್ಟಮ್ಮನವರಿಗೆ ಬಂತು. ಎರಡು ದಿನದ ಮೇಲೆ ಸುಜಾತಳಿಗೂ ಜ್ವರ ಬಂತು. ಒಂದೇ ಮನೆ, ಒಂದೇ ನೀರಿನ ಡ್ರಮ್ಮು, ಒಂದೇ ಸೊಳ್ಳೆ. ಅದೇ ಜ್ವರ ಎಂದುಕೊಂಡರು. ನಾನೂ ಫೋನಿನಲ್ಲಿ ಹಾಗೆಂದೇ ಕೇಳಿದೆ, ಹಾಗೆಂದೇ ನಂಬಿದೆ.

ಅತ್ತೆಗೆ ಜ್ವರ ಇಳಿದರೂ ಕೈಕಾಲು ಬರಲಿಲ್ಲ. ಸೊಸೆಗೆ ಜ್ವರ ಇಳಿದೇಬಿಟ್ಟಿತು. ಭಾನುವಾರ ಸಂಜೆಯೇ ಮೈ ತಣ್ಣಗಾಯಿತೆಂದು ಸೋಮವಾರ ಬೆಳಿಗ್ಗೆ ತಲೆಗೆ ನೀರು ಎರೆದರು. ಪುಟ್ಟಮ್ಮನವರನ್ನು ಡಾಕ್ಟರಿಗೆ ತೋರಿಸಲು ಲೋಕೇಶ ಹೊರಟಾಗ, ಅತ್ತೆಗೆ ಆಸರೆಯಾಗಲೆಂದು ಸುಜಾತಳೂ ಹೊರಟಳು. ಅಂದರೆ ಆ ದಿನ ಅವಳು ಅಲ್ಲಿಗೆ ಬಂದದ್ದು ರೋಗಿಯಾಗಿ ಅಲ್ಲ. ತಾಲ್ಲೂಕು ಕಚೇರಿಯಿಂದ ನಾನು ಹೋಗಿ ಅವರನ್ನು ಕೂಡಿಕೊಂಡೆ.

ಡಾಕ್ಟರು ಪುಟ್ಟಮ್ಮನವರ ಮುಂದೆ ಡಬ್ಬಿ ಸರಿಸಿದರು. ಅವರು ಮುಟ್ಟಿ ಕೈ ಎಳೆದುಕೊಂಡು, “ಇದೊಂದು ಶನಿ ಡಬ್ಬಿ ಕಣವ್ವ, ನನ್ನ ಕೈಲಾಗಕಿಲ್ಲ,” ಎಂದರು. ಆಗ ಪಕ್ಕದಲ್ಲಿ ನಿಂತಿದ್ದ ಸುಜಾತ, “ಕೊಡಿ ಅತ್ತೆ,” ಎಂದು ತೆಗೆದುಕೊಂಡು ಸರಕ್ಕನೆ ತಿರುಗಿಸಿ, ಡಬ್ಬಿಯನ್ನು ಅತ್ತೆಯ ಮುಂದೆ ಹಿಡಿದಳು.

“ನೋಡ್ರೀ ಡಾಕ್ಟ್ರೇ, ಇವಳಿಗೂ ಅದೇ ಜ್ವರ. ಹೆಂಗೆ ಎದ್ದು ಕುಂತವ್ಳೆ. ನಂಗೆ ಮಾತ್ರ ಬಿಡ್ತಿಲ್ಲ,” ಎಂದರು ಪುಟ್ಟಮ್ಮ. ಆಗಲೇ ನಾವು ನಕ್ಕದ್ದು.

ಡಾಕ್ಟರು ಮೇಜು ಸುತ್ತಿ ಬಂದರು. ಸುಜಾತಳ ಕೈಯಿಂದ ಡಬ್ಬಿ ತೆಗೆದು ಪಾರ್ವತಿಗೆ ಕೊಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದರು. ಧ್ವನಿ ಏರಿಸಲಿಲ್ಲ.

“ಜ್ವರ ಯಾವಾಗ ಬಿಡ್ತಮ್ಮ?”

“ನಿನ್ನೆ ಸಂಜೆ.”

“ಪೆಪ್ಪರಮೆಂಟು ಯಾಕೆ ತಗೊಳ್ಳಿಲ್ಲ?”

ಅವಳು ಹೊಟ್ಟೆ ತೊಳೆಸುತ್ತದೆ ಎಂದಳು. ಬೆಳಗಿನಿಂದ ಹೊಟ್ಟೆ ಹಿಂಡುತ್ತಿದೆ, ಎರಡು ಮೂರು ಸಲ ವಾಂತಿಯಾಯಿತು, ಬಿಸಿನೀರು ಹಾಕಿಕೊಂಡಿದ್ದಕ್ಕೆ ಇರಬೇಕು ಎಂದಳು. ಮೂತ್ರ ಯಾವಾಗ ಆಯಿತು ಎಂದು ಕೇಳಿದರು. ಅವಳಿಗೆ ನೆನಪಾಗಲಿಲ್ಲ.

ನಾನು ನಿಂತಲ್ಲಿಂದ ನನಗೆ ಕಂಡದ್ದು ಇಷ್ಟು. ಕಿಟಕಿಯ ಬಿಸಿಲು ಸುಜಾತಳ ಮುಖದ ಮೇಲಿತ್ತು. ಸ್ನಾನ ಮಾಡಿ ಕುಂಕುಮವಿಟ್ಟ ಮುಖ. ನನ್ನ ಕಣ್ಣಿಗೆ ಅದು ಗುಣವಾದವಳ ಮುಖ. ಅದೇ ಮುಖವನ್ನು ಡಾಕ್ಟರು ನೋಡುತ್ತಿದ್ದರು, ಅವರಿಗೆ ಬೇರೆ ಏನೋ ಕಾಣುತ್ತಿತ್ತು. ಅವಳ ಕೈ ಎಷ್ಟು ತಣ್ಣಗಿದೆ, ಹೇಗೆ ತೇವವಾಗಿದೆ ಎಂದು ನನ್ನನ್ನೂ ಮುಟ್ಟಿಸಿ ನೋಡಿಸಿದರು. ಮಳೆಯಲ್ಲಿ ನೆನೆದ ಕಲ್ಲನ್ನು ಮುಟ್ಟಿದಂತಿತ್ತು.

ಬಿ.ಪಿ. ನೋಡಿದರು. ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ಒಂದಕ್ಕೊಂದು ತೀರಾ ಹತ್ತಿರ ಬಂದಿದ್ದವು; ರಕ್ತದ ಓಟ ಕುಸಿಯುತ್ತಿರುವ ಗುರುತಂತೆ ಅದು. ಈ ಸಲ ಪಟ್ಟಿಯನ್ನು ತೋಳಿನಲ್ಲಿ ಬಿಟ್ಟು ಊರ ಸುದ್ದಿ ಕೇಳಲಿಲ್ಲ. ಚೌಕ ಬರೆಯಲಿಲ್ಲ. ಅವಳನ್ನು ಮಲಗಿಸಿ ಡ್ರಿಪ್ ಹಾಕಿದರು. ಪಕ್ಕದ ಲ್ಯಾಬಿನಿಂದ ಹುಡುಗಿ ಓಡಿ ಬಂದು ರಕ್ತ ತೆಗೆದುಕೊಂಡು ಹೋದಳು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಬೇರೆ ಕಡೆ ಹೋಗಿತ್ತು, ಬರುವುದು ತಡ ಎಂದರು. ವರದಿಯಲ್ಲಿ ಪ್ಲೇಟ್‌ಲೆಟ್ ಬಹಳ ಇಳಿದಿದೆ ಎಂದು ತಿಳಿದಾಗ ಲೋಕೇಶ ಬಿಳಿಚಿಕೊಂಡು, ಪರಂಗಿ ಎಲೆಯ ರಸ ತರಲೇ ಎಂದು ಕೇಳಿದ.

“ಅದಿರಲಿ,” ಎಂದರು ಡಾಕ್ಟರು. “ನಿಮ್ಮೂರ ಕೆರೆ ನೋಡಿದ್ದೀಯಲ್ಲಪ್ಪ. ಏರಿ ಜಿನುಗ್ತಾ ಇದ್ರೆ ಮೇಲೆ ನಿಂತು ನೋಡಿದೋರಿಗೆ ಗೊತ್ತಾಗಲ್ಲ. ನೀರು ತೆರೆ ಹೊಡೀತಾನೇ ಇರ್ತದೆ. ಇವಳ ರಕ್ತನಾಳ ಹಂಗೆ ಜಿನುಗ್ತಿದೆ. ನೀರೆಲ್ಲ ಹೊರಗೆ ಹೋಗಿ ರಕ್ತ ಗಟ್ಟಿಯಾಗ್ತಿದೆ. ಜ್ವರ ಇಳಿದ ಮೇಲೇ ಇದು ಶುರುವಾಗೋದು. ನನ್ನ ಕಾರು ತೆಗಿ. ಶಿವಮೊಗ್ಗಕ್ಕೆ ಹೋಗೋಣ.”

ಪುಟ್ಟಮ್ಮ ತಮ್ಮ ಊದಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, “ನಾನೇ ನೀರು ಹಾಕ್ದೆ ಕಣವ್ವ,” ಎಂದರು.

ಡಾಕ್ಟರು ಅವಸರದಲ್ಲಿದ್ದರೂ ನಿಂತರು. “ನೀರು ಹಾಕಿದ್ದಕ್ಕೆ ಬಂದಿದ್ದಲ್ಲಮ್ಮ ಇದು. ನೀವು ಇವತ್ತು ಇಲ್ಲಿಗೆ ಬರದೆ ಇದ್ದಿದ್ರೆ ಇವಳೂ ಬರ್ತಿರಲಿಲ್ಲ. ನಿಮ್ಮ ಕೈಕಾಲು ನೋವಿಗೆ ಪುಣ್ಯ ಬರ್ಲಿ.” ಹೀಗೆ ಹೇಳಿ ಪಾರ್ವತಿಯನ್ನು ಅವರ ಜೊತೆ ಬಿಟ್ಟು ಹೊರಟರು.

ಲೋಕೇಶ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಸುಜಾತಳ ತಲೆ ಡಾಕ್ಟರ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಡ್ರಿಪ್ಪಿನ ಬಾಟಲಿಯನ್ನು ಎತ್ತಿ ಹಿಡಿಯುವುದು ನನ್ನ ಕೆಲಸ. ಡಾಕ್ಟರು ಒಂದು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಹನಿಯ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತಾ, ಅಜ್ಜಂಪುರದಿಂದ ಶಿವಮೊಗ್ಗದವರೆಗೂ ಆ ಕೈ ಬಿಡಲಿಲ್ಲ. ಕಡಿಮೆಯಾದರೂ ಕಷ್ಟ, ಹೆಚ್ಚು ಸುರಿದರೆ ಸೋರಿದ ನೀರು ಎದೆಗೆ ತುಂಬಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ತರೀಕೆರೆ ದಾಟುವಾಗ ಸುಜಾತ ಕಣ್ಣು ಬಿಟ್ಟು, “ಅಣ್ಣ, ಜ್ವರ ಇಲ್ವಲ್ಲ, ಎಲ್ಲಿಗೆ ಹೋಗ್ತಿದ್ದೀವಿ?” ಎಂದು ಕೇಳಿದಳು. ನಾನು ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದೆ. ಡಾಕ್ಟರು, “ಜ್ವರ ಬಿಟ್ಟ ದಿನ ಬಾ ಅಂದಿದ್ದೆ. ನೀನೊಬ್ಬಳೇ ಕಣೇ ಮಾತು ಕೇಳಿದವಳು,” ಎಂದರು. ನಿಜವೆಂದರೆ ಅವರು ಅವಳಿಗೆ ಹಾಗೆ ಹೇಳಿರಲೇ ಇಲ್ಲ. ಅದಕ್ಕೆ ಮೊದಲು ಅವಳನ್ನು ನೋಡಿಯೇ ಇರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಕಾಯುತ್ತಿತ್ತು. ಹೊರಡುವ ಮೊದಲೇ ಕಮಲಾಕ್ಷಿಯವರು ಫೋನಿನಲ್ಲಿ ಎಲ್ಲ ಹೇಳಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಅಲ್ಲಿಯ ಡಾಕ್ಟರು ನನ್ನ ಹತ್ತಿರ ಆರಂಭಿಸಿದರು, ನನ್ನ ಮುಖ ನೋಡಿ ನಿಲ್ಲಿಸಿದರು. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಪುಟ್ಟಮ್ಮನವರದು ಚಿಕುನ್‌ಗುನ್ಯ ಎಂದೇ ಬಂತು. ಒಂದೇ ಅಡುಗೆಮನೆಯಲ್ಲಿ ಎರಡು ಜ್ವರಗಳು ಒಟ್ಟಿಗೆ ನಡೆದಿದ್ದವು. ಒಂದು ಕೂಗಾಡುತ್ತಾ, ಇನ್ನೊಂದು ಸದ್ದಿಲ್ಲದೆ. ಸುಜಾತ ಬದುಕಿ ಮನೆಗೆ ಬಂದಳು.

ಆ ಮೇಲೆ ನಾನು ಅವರ ಕ್ಲಿನಿಕ್ಕಿನ ಮುಂದೆ ಹೋಗುವಾಗ ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಿದ್ದೆ. ನಾವು ಐದು ಜನ ಆ ಕೋಣೆಯಲ್ಲಿ ಒಂದೇ ಡಬ್ಬಿಯನ್ನು, ಒಂದೇ ಕೈಯನ್ನು ನೋಡಿದ್ದೆವು. ಗುಣವಾದ ಗುರುತು ಎಂದು ನಾವು ಕಂಡದ್ದರಲ್ಲೇ ಅವರು ಅಪಾಯ ಕಂಡರು. ಇದನ್ನು ಒಮ್ಮೆ ಅವರಿಗೇ ಹೇಳಿದೆ. ಅವರಿಗೆ ಹಿಡಿಸಲಿಲ್ಲ. “ದೇವರ ಥರ ನೋಡ್ಬೇಡ ನನ್ನ. ತರೀಕೆರೇಲಿದ್ದಾಗ ಒಬ್ಬ ಹುಡುಗಿ ಹಿಂಗೇ ಎದ್ದು ಕೂತು ನಕ್ಕಿದ್ಲು. ನಾನೂ ನಕ್ಕು ಮನೆಗೆ ಕಳಿಸಿದ್ದೆ,” ಎಂದರು. ಡಬ್ಬಿಯನ್ನು ಮುಂದಿನ ರೋಗಿಯ ಕಡೆ ಸರಿಸಿದರು.

ಕೊನೆಯ ಸಲ ಅವರನ್ನು ನೋಡಿದ್ದು ಮರುವರ್ಷದ ಮಳೆಗಾಲ ಮುಗಿದ ಮೇಲೆ, ಕಡೂರಿನ ಅವರ ತಮ್ಮನ ಮನೆಯಲ್ಲಿ. ಕ್ಲಿನಿಕ್ಕು ಮುಚ್ಚಿದ್ದರು. ಅವರಿಗೇ ಚಿಕುನ್‌ಗುನ್ಯ ಬಂದು, ಜ್ವರ ಹೋಗಿ ತಿಂಗಳುಗಳಾದರೂ ಕೈ ಬಿಗಿತ ಹೋಗಿರಲಿಲ್ಲ. ಬೆರಳುಗಳು ಮಡಚುತ್ತಿರಲಿಲ್ಲ, ಗಡಿಯಾರವನ್ನು ಯಾರಾದರೂ ಕಟ್ಟಬೇಕಿತ್ತು. ನಾನೂ ಸುಜಾತಳೂ ಹೋಗಿದ್ದೆವು. ಡಬ್ಬಿ ಅಲ್ಲಿಯೂ ಅವರ ಪಕ್ಕದಲ್ಲೇ ಇತ್ತು.

“ಮೊದಲ ದಿನ ಬೆಳಿಗ್ಗೆ ಇದನ್ನ ಹಿಡಿದೆ ನೋಡು, ಲ್ಯಾಬಿಗೆ ಹೋಗೋದೇ ಬೇಡ ಅನ್ನಿಸ್ತು,” ಎಂದು ನಕ್ಕರು. ಆದರೂ ಪರೀಕ್ಷೆ ಮಾಡಿಸಿದರಂತೆ. ವರದಿ ಬರುವವರೆಗೂ ನೋವಿನ ಮಾತ್ರೆ ಮುಟ್ಟಲಿಲ್ಲವಂತೆ. ಆಮೇಲೆ, “ನಾಡಿ ಸಿಕ್ತಿಲ್ಲ ಕಣಯ್ಯ ಈ ಬೆರಳಿಗೆ. ಅದಿಲ್ದೆ ಹೆಂಗೆ ಕೂರ್ಲಿ ಆ ಕುರ್ಚೀಲಿ,” ಎಂದರು.

ಹೊರಡುವಾಗ ಡಬ್ಬಿಯನ್ನು ಮೊಣಕೈಯಿಂದ ಸುಜಾತಳ ಕಡೆ ತಳ್ಳಿದರು. ಅವಳು ಮುಚ್ಚಳ ತಿರುಗಿಸಿದಳು. ಡಾಕ್ಟರು ಅವಳ ಬೆರಳುಗಳನ್ನು, ಆಮೇಲೆ ಮುಖವನ್ನು, ಹಳೆಯ ಅಭ್ಯಾಸದಂತೆ ನಿಧಾನವಾಗಿ ನೋಡಿದರು. ಈ ಸಲ ಅವಳು ಪೆಪ್ಪರಮೆಂಟು ತೆಗೆದು ಒಂದನ್ನು ಅವರ ಬಾಯಿಗಿಟ್ಟು, ಒಂದನ್ನು ತಾನು ಹಾಕಿಕೊಂಡಳು. “ಸರಿ, ಹೋಗು,” ಎಂದರು.

ಆ ಮಾಘದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಕ್ಲಿನಿಕ್ಕು ಇದ್ದ ಕಡೆ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ; ಮೆಟ್ಟಿಲು ಹಾಗೆಯೇ ಇವೆ, ಹತ್ತುವವರನ್ನು ನೋಡುವವರಿಲ್ಲ. ಪುಟ್ಟಮ್ಮ ಹೋದ ವರ್ಷ ಹೋದರು. ಕೊನೆಯವರೆಗೂ ಆ ಡಬ್ಬಿಯನ್ನು ಬೈಯುತ್ತಲೇ ಇದ್ದರು.

ಆ ಸೋಮವಾರ ಕಮಲಾಕ್ಷಿಯವರು ಕುರ್ಚಿಯಿಂದ ಎದ್ದದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ಇರುವವರು ಇವರು: ತರೀಕೆರೆಯಲ್ಲಿ ಕೆಲಸ ಮಾಡುತ್ತಿರುವ ನರ್ಸ್ ಪಾರ್ವತಿ; ಬುಕ್ಕಾಂಬುಧಿಯ ಲೋಕೇಶ; ಕಿಟಕಿಯ ಪಕ್ಕ ನಿಂತಿದ್ದ ನಾನು; ಮತ್ತು ಮುಚ್ಚಳ ಕೈಯಲ್ಲಿ ಹಿಡಿದು ನಗುತ್ತಾ ನಿಂತಿದ್ದ ಸುಜಾತ.